ರಾತ್ರಿಯ ಪತ್ತಿರ್ ಬೆಳಗ್ಗೆಗೆ ಬಂದರೆ

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗ್ತದೆ: "ತೂಕ ಜಾಸ್ತಿಯಾಯ್ತು, ನಾಳೆಯಿಂದ ಬೆಳಗ್ಗಿನ ತಿಂಡಿ ಬಂದ್." ಹಾಗೆ ಹೇಳಿದವರು ಎರಡು ದಿನ ಬರೀ ಚಾಯ ಕುಡಿದು ಮಧ್ಯಾಹ್ನದವರೆಗೆ ತಳ್ಳುತ್ತಾರೆ. ಮೂರನೇ ದಿನ ಅಸರ್ ನಮಾಝ್ ಆದ ಮೇಲೆ ಸಮೋಸದ ಪ್ಲೇಟಿನ ಹತ್ತಿರ ಸಿಗ್ತಾರೆ. ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವೂ ಅದನ್ನೇ ಮಾಡಿದವರು.

ಹೊಟ್ಟೆಯನ್ನು ಮೂರು ಪಾಲು ಮಾಡಬೇಕೆಂದು ಮದ್ರಸದಲ್ಲೇ ಕೇಳಿ ಬೆಳೆದಿದ್ದೇವೆ. ದಿನದ ಊಟವನ್ನು ಹೇಗೆ ಪಾಲು ಮಾಡುವುದು ಎಂದು ಮಾತ್ರ ಯೋಚಿಸಿದ್ದಿಲ್ಲ. ಒಂದು ದಿನ ಕಾಗದ ಪೆನ್ನು ಹಿಡಿದು ಮನೆಯ ಲೆಕ್ಕ ಬರೆದೆವು. ಬೆಳಗ್ಗೆ ಚಾಯ, ಎರಡು ರಸ್ಕ್: ಅಂದಾಜು 150 ಕ್ಯಾಲೊರಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು: 500. ಸಂಜೆ ಸಕ್ಕರೆ ಹಾಕಿದ ಚಾಯ, ಒಂದು ಸಮೋಸ: 350. ರಾತ್ರಿ ಹತ್ತು ಗಂಟೆಗೆ ನಾಲ್ಕು ಪತ್ತಿರ್, ತೆಂಗಿನಕಾಯಿ ಅರೆದು ಹಾಕಿದ ಕೋಳಿ ಸಾರು: 800. ಒಟ್ಟು 1,800. ಇದರಲ್ಲಿ 1,150 ಒಳಗೆ ಹೋದದ್ದು ಅಸರಿನ ನಂತರ. ಅಂದರೆ ಮೂರರಲ್ಲಿ ಎರಡು ಪಾಲಿನಷ್ಟು ಊಟವನ್ನು ನಾವು ಕೆಲಸ ಮುಗಿದ ಮೇಲೆ, ಮಲಗುವುದಕ್ಕೆ ಮೊದಲು ಮಾಡುತ್ತಿದ್ದೆವು. ಬಿರಿಯಾನಿಯ ದಿನದ ಲೆಕ್ಕ ಬರೆಯಲಿಲ್ಲ, ಧೈರ್ಯ ಸಾಲಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 55 ಕೆ.ಜಿ. ತೂಕದ, ಹೆಚ್ಚು ಮೈಬಗ್ಗಿಸದ ಮಹಿಳೆಗೆ ದಿನಕ್ಕೆ ಬೇಕಾಗುವುದು ಸುಮಾರು 1,660 ಕ್ಯಾಲೊರಿ. 65 ಕೆ.ಜಿ.ಯ, ಕೂತು ಕೆಲಸ ಮಾಡುವ ಗಂಡಸಿಗೆ 2,110. ತೂಕ ಇಳಿಯಬೇಕಾದರೆ ಖರ್ಚಿಗಿಂತ ಜಮೆ ಕಡಿಮೆ ಇರಲೇಬೇಕು. ಅದನ್ನು ಯಾವ ಪಾಲೂ ತಪ್ಪಿಸುವುದಿಲ್ಲ.

ಹಾಗಾದರೆ ಪಾಲು ಮಾಡಿ ಎಂತ ಪ್ರಯೋಜನ ಅಂತ ಕೇಳಬಹುದು. ಸ್ಪೇನಿನಲ್ಲಿ 420 ಮಂದಿಯನ್ನು 20 ವಾರ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲಿನವರಿಗೆ ಮಧ್ಯಾಹ್ನದ್ದೇ ದೊಡ್ಡ ಊಟ. ಅದನ್ನು ಮೂರು ಗಂಟೆಯ ನಂತರ ತಿಂದವರ ತೂಕ, ಬೇಗ ತಿಂದವರಿಗಿಂತ ಕಡಿಮೆ ಇಳಿದಿತ್ತು. ಇದನ್ನು ಓದಿ ಬೆಳಗ್ಗಿನ ಊಟದಲ್ಲೇ ಏನೋ ಜಾದೂ ಇದೆ ಅಂದುಕೊಳ್ಳುವ ಹಾಗಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30 ಮಂದಿಗೆ ಅಳೆದು ತೂಗಿದ ಊಟವನ್ನೇ ಕೊಟ್ಟರು. ನಾಲ್ಕು ವಾರ ಬೆಳಗ್ಗೆ ನೂರಕ್ಕೆ 45 ಪಾಲು, ಮಧ್ಯಾಹ್ನ 35, ರಾತ್ರಿ 20. ಇನ್ನು ನಾಲ್ಕು ವಾರ ಅದರ ತಿರುಗಾಮುರುಗ. ಎರಡರಲ್ಲೂ ತೂಕ ಇಳಿದದ್ದು ಹೆಚ್ಚುಕಡಿಮೆ ಒಂದೇ, ಮೂರು ಕೆ.ಜಿ. ಮಿಕ್ಕಿ. ಆದರೆ ಬೆಳಗ್ಗೆ ಹೆಚ್ಚು ತಿಂದ ವಾರಗಳಲ್ಲಿ ಹಸಿವು ಕಡಿಮೆ ಇತ್ತು.

ನಮಗೆ ಬೇಕಾದದ್ದು ಆ ಕೊನೆಯ ಮಾತು. ನಮ್ಮ ಮನೆಗೆ ಯಾರೂ ಅಳೆದು ತೂಗಿ ಊಟ ಕಳಿಸುವುದಿಲ್ಲ. ಕುಕ್ಕರು, ಬಾಣಲೆ ಎಲ್ಲ ಕಣ್ಣೆದುರೇ ಇರ್ತದೆ. ಹಸಿದುಕೊಂಡು ಸಂಜೆಗೆ ಬಂದರೆ ಲೆಕ್ಕ ತಪ್ಪುವುದು ಖಂಡಿತ. ಹಸಿಯದೆ ಬಂದರೆ ಸಮೋಸವನ್ನು ನೋಡಿಯೂ ಸುಮ್ಮನಿರಬಹುದು.

ನಾವು 1,400 ಕ್ಯಾಲೊರಿಯನ್ನು ಹೀಗೆ ಹಂಚಿ ನೋಡಿದೆವು: ಬೆಳಗ್ಗೆ 450, ಮಧ್ಯಾಹ್ನ 500, ಸಂಜೆ 100, ರಾತ್ರಿ 350. ಓಟ್ಸ್, ಆವಕಾಡೊ ಹುಡುಕಿಕೊಂಡು ಹೋಗಲಿಲ್ಲ. ಕೋಳಿ ಸಾರು ಮರುದಿನ ಬೆಳಗ್ಗೆಯೇ ಹೆಚ್ಚು ರುಚಿ ಎನ್ನುವುದು ಯಾವ ಉಮ್ಮನಿಗೆ ಗೊತ್ತಿಲ್ಲ ಹೇಳಿ? ಹಾಗಾಗಿ ರಾತ್ರಿಯ ಪತ್ತಿರನ್ನೇ ಬೆಳಗ್ಗೆಗೆ ತಂದೆವು. ಎರಡು ಪತ್ತಿರ್, ಸಾರಿನಿಂದ ಎತ್ತಿದ ಕೋಳಿ ತುಂಡು ಒಂದು, ಇಲ್ಲವೇ ಒಂದು ಮೊಟ್ಟೆ ಮತ್ತು ಸ್ವಲ್ಪ ಕಡ್ಲೆ ಗಸಿ, ಸಕ್ಕರೆ ಇಲ್ಲದ ಚಾಯ. ಮಧ್ಯಾಹ್ನ ಒಂದು ಕಪ್ಪಿಗಿಂತ ಸ್ವಲ್ಪ ಹೆಚ್ಚು ಅನ್ನ, ಎರಡು ಸಣ್ಣ ಬಂಗುಡೆಯ ಸಾರು, ಬಸಳೆಯೋ ತೊಂಡೆಯೋ ಒಂದು ಪಲ್ಯ. ಮೀನು ಹುರಿಯುವುದು ವಾರಕ್ಕೊಮ್ಮೆ ಸಾಕು, ಯಾಕೆಂದರೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆಯೇ 120 ಕ್ಯಾಲೊರಿ. ಸಂಜೆ ಚಾಯದ ಜೊತೆ ಒಂದು ಸಣ್ಣ ಬಾಳೆಹಣ್ಣು. ರಾತ್ರಿ ಗಂಜಿ, ಹೆಸರುಕಾಳು, ಒಂದು ತುಂಡು ಮೀನು.

ಚಾಯದ ಬಗ್ಗೆ ಒಂದು ಮಾತು. ಗ್ಲಾಸಿಗೆ ಎರಡು ಚಮಚ ಸಕ್ಕರೆ ಎಂದರೆ 40 ಕ್ಯಾಲೊರಿ. ಮನೆಯಲ್ಲಿ ಎರಡು, ನೆಂಟರು ಬಂದಾಗ ಒಂದು, ಪಕ್ಕದ ಮನೆಯಲ್ಲಿ ಒಂದು. ದಿನಕ್ಕೆ 160, ಅಂದರೆ ಒಂದು ಪತ್ತಿರಿಗಿಂತ ಹೆಚ್ಚು. ಅದೂ ಹೊಟ್ಟೆ ತುಂಬದ ಪತ್ತಿರ್.

ಕಷ್ಟವಾದದ್ದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುವವರು. ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ಪತ್ತಿರ್ ಬಿಸಾಡಲು ಮನಸ್ಸು ಬಾರದೆ ಬಾಯಿಗೆ ಹೋಗ್ತದೆ. ಉಪ್ಪು ನೋಡಿದ ಸಾರು, ಅಡುಗೆ ಮಾಡುತ್ತಾ ನಿಂತಲ್ಲೇ ತಿಂದ ತುಂಡು ಯಾವ ಕಾಗದಕ್ಕೂ ಬರುವುದಿಲ್ಲ. ಅಂಗಡಿ ಮುಚ್ಚಿ ಗಂಡಸರು ಬರುವಾಗ ಹತ್ತು, ಅವರದ್ದಾಗಿ ಪಾತ್ರೆ ತೊಳೆದು ಮುಗಿಯುವಾಗ ಹನ್ನೊಂದು. "ನಾನೆಲ್ಲಿ ತಿನ್ತೇನೆ, ಆದ್ರೂ ದಪ್ಪ ಆಗ್ತೇನೆ" ಎನ್ನುವವರು ಸುಳ್ಳು ಹೇಳುವುದಲ್ಲ. ಅವರು ತಟ್ಟೆ ಹಾಕಿಕೊಂಡು ಕೂತದ್ದೇ ಕಡಿಮೆ. ಅವರಿಗೆ ಡಯಟ್ ಚಾರ್ಟು ಕೊಡುವ ಮೊದಲು ಹೊತ್ತಿಗೆ ಸರಿಯಾಗಿ ಒಂದು ತಟ್ಟೆ ಕೊಡಬೇಕು.

ಮದುವೆ ಹಾಲಿನ ರಾತ್ರಿ ಊಟ ಇದ್ದೇ ಇರ್ತದೆ, ಕರೆದವರ ಮನಸ್ಸು ನೋಯಿಸುವುದಕ್ಕಾಗುವುದಿಲ್ಲ. ಆ ದಿನ ಮಧ್ಯಾಹ್ನ ಉಪವಾಸ ಕೂತು ಹೋದರೆ ಎರಡು ಪ್ಲೇಟ್ ಬಿರಿಯಾನಿ ಗ್ಯಾರಂಟಿ. ಬೆಳಗ್ಗೆ, ಮಧ್ಯಾಹ್ನ ಎಂದಿನಂತೆ ಉಂಡು ಹೋಗಿ, ಒಂದು ಸಣ್ಣ ಪ್ಲೇಟಿಗೆ ನಿಲ್ಲಿಸುವುದೇ ನಮಗೆ ಸುಲಭವಾಯಿತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ ಇವತ್ತೇ ರಾತ್ರಿ ಊಟ ಕಡಿಮೆ ಮಾಡಬೇಡಿ. ಮದ್ದಿನ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು. ಊಟ ಇಳಿದು ಮದ್ದು ಹಾಗೇ ಉಳಿದರೆ ನಡುರಾತ್ರಿ ಬೆವರು, ನಡುಕ ಬಂದು ಪ್ರಜ್ಞೆ ತಪ್ಪುವಷ್ಟು ಸಕ್ಕರೆ ಇಳಿಯಬಹುದು. ಮೊದಲು ಡಾಕ್ಟರ ಹತ್ತಿರ ಮಾತಾಡಿ, ಮತ್ತೆ ಪಾಲು ಬದಲಿಸಿ. ಬಸುರಿಯರು, ಎದೆಹಾಲು ಕೊಡುವವರು ಈ ಲೆಕ್ಕಕ್ಕೆ ಬರುವುದೇ ಬೇಡ. ಉಳಿದವರೂ ತಾವಾಗಿ 1,200ಕ್ಕಿಂತ ಕೆಳಗೆ ಇಳಿಯಬಾರದು.

ಈಗ ನಮ್ಮ ಮನೆಯಲ್ಲಿ ಹೆಂಗಸರು, ಮಕ್ಕಳು, ಪ್ರಾಯದವರು ಮಗ್ರಿಬ್ ಮುಗಿದ ಕೂಡಲೇ ಒಟ್ಟಿಗೆ ಕೂತು ಉಣ್ಣುತ್ತಾರೆ. ಅಂಗಡಿಯಿಂದ ಬರುವವರ ಪಾಲು ಮುಚ್ಚಿಟ್ಟಿರ್ತದೆ. ಮೊದಲ ವಾರ "ನಮ್ಮನ್ನು ಬಿಟ್ಟು ಉಂಡಿರಾ" ಎಂಬ ಬೇಸರ ಇತ್ತು, ಅದು ನ್ಯಾಯವೇ. ಈಗ ಅವರು ಉಣ್ಣುವಾಗ ಪಕ್ಕದಲ್ಲಿ ಒಂದು ಗ್ಲಾಸ್ ಜೀರಿಗೆ ನೀರು ಹಿಡಿದು ಕೂತು ಮಾತಾಡುತ್ತೇವೆ. ತಟ್ಟೆ ತೊಳೆಯುವ ಕೆಲಸ ಕೊನೆಗೆ ಉಂಡವರದ್ದು.