ಹಳೆಯ ಟ್ರ್ಯಾಕ್ಟರಿಗೆ ಹುಲ್ಲು ಕೊಯ್ಯುವ ಯಂತ್ರದ ಆಯ್ಕೆ

1947ರಲ್ಲಿ ಅಮೆರಿಕದ ಸಣ್ಣ ಹಿಡುವಳಿಗಳಿಗಾಗಿ ಬಂದ ಫಾರ್ಮಾಲ್ ಕಬ್ ಟ್ರ್ಯಾಕ್ಟರುಗಳು ಅಲ್ಲಿ ಇಂದಿಗೂ ಬಳಕೆಯಲ್ಲಿವೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ತೂಗುಹಾಕುವ ಹುಲ್ಲು ಕೊಯ್ಯುವ ಯಂತ್ರವನ್ನು ಇದಕ್ಕೆ ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು.

1. ಅಗಲ: ಎಂಜಿನ್ನಿನ ಬಲ ಸುಮಾರು 10 ಅಶ್ವಶಕ್ತಿ ಮಾತ್ರ. ಹುಲ್ಲು ದಟ್ಟವಾಗಿದ್ದಲ್ಲಿ 60 ಅಂಗುಲಕ್ಕಿಂತ 42 ಅಂಗುಲದ ಯಂತ್ರವೇ ಲೇಸು.

2. ಹೊಂದಾಣಿಕೆ: ಇದರ ಪಿ.ಟಿ.ಒ. ಎಂಜಿನ್ನಿನ ವೇಗದಲ್ಲಿ, ಸಾಮಾನ್ಯ ಟ್ರ್ಯಾಕ್ಟರುಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಆದ್ದರಿಂದ ಈ ಮಾದರಿಗೆಂದೇ ತಯಾರಾದ ಯಂತ್ರವನ್ನು ರಾಟೆ, ಬೆಲ್ಟ್, ಜೋಡಣೆಯ ಬಿಡಿಭಾಗಗಳ ಸಮೇತ ಕೊಳ್ಳಬೇಕು.

3. ಸುರಕ್ಷತೆ: ಪಿ.ಟಿ.ಒ. ಗೇರುಪೆಟ್ಟಿಗೆಗೆ ಕೂಡಿಕೊಂಡಿರುವುದರಿಂದ, ಕ್ಲಚ್ ತುಳಿದ ಮೇಲೂ ಅಲಗುಗಳ ರಭಸ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡಬಲ್ಲದು. ಬೇಲಿ, ಹಳ್ಳದಂಚು ಸಮೀಪಿಸುವ ಮುನ್ನವೇ ವೇಗ ತಗ್ಗಿಸಬೇಕು. ಎಂಜಿನ್ ನಿಲ್ಲಿಸಿ, ಅಲಗುಗಳು ಪೂರ್ಣವಾಗಿ ನಿಂತ ಮೇಲೆಯೇ ಕೈ ಹಾಕಬೇಕು.