ಕೆಸರಿನ ಡ್ರೈವರು ಹಿಮಕ್ಕೆ ಹೋದಾಗ

ಮೂಡಿಗೆರೆ ಕಡೆ ನಮ್ಮ ಸೋದರಮಾವನ ಕಾಫಿ ತೋಟದಲ್ಲಿ ಜೀಪು ಕಲಿತವನು ನಾನು. ಮಳೆಗಾಲದ ಕೆಸರಿನಲ್ಲಿ ಗಾಡಿ ಹೂತರೆ ಏನು ಮಾಡಬೇಕೆಂದು ಮಾವ ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದರು: "ಒತ್ತೋ, ಹೆದರಬೇಡ." ಒತ್ತಿದರೆ ಚಕ್ರ ಕೆಸರನ್ನೆಲ್ಲ ಹಿಂದಕ್ಕೆ ಚೆಲ್ಲಿ, ಅಡಿಯ ಗಟ್ಟಿ ನೆಲ ಸಿಕ್ಕಿದ ಕೂಡಲೇ ಕಚ್ಚಿಕೊಂಡು ಮೇಲೇಳುತ್ತದೆ. ಈ ಒಂದೇ ವಿದ್ಯೆಯನ್ನು ನಂಬಿ ದಿಲ್ಲಿಯಿಂದ ಲಾಹೌಲಿಗೆ ಹೊರಟೆ. ರಜೆ ಬಂತೆಂದರೆ ಮನಾಲಿ ದಾರಿ ಹಿಡಿಯುವವರು ನಮ್ಮ ಬಳಗದಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಪಾದಕರು ಕೇಳಿದ್ದು ಕವಿತೆ, ಪಾಪ.

ಮೊದಲು ಈ ಫಜೀತಿಯೇ ಇರಲಿಲ್ಲ. 3,978 ಮೀಟರ್ ಎತ್ತರದ ರೋಹತಾಂಗ್ ಘಾಟಿ ಚಳಿಗಾಲದಲ್ಲಿ ಮುಚ್ಚಿತೆಂದರೆ ಲಾಹೌಲಿನ ರಸ್ತೆ ತಿಂಗಳುಗಟ್ಟಲೆ ಬಂದ್. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು. ಈಗ ಫೆಬ್ರವರಿಯಲ್ಲೂ, ಹವೆ ಚೆನ್ನಾಗಿದ್ದರೆ, ನನ್ನಂಥವರು ಕಾಲು ಗಂಟೆಯೊಳಗೆ ಆ ಕಡೆ ಹೋಗಿ ಬೀಳುತ್ತೇವೆ.

ನಾವು ಮೂವರಿದ್ದೆವು. ನಾನು, ಗದಗಿನವನೊಬ್ಬ, ತುಮಕೂರಿನವನೊಬ್ಬ. ಗಾಡಿ ಗೆಳೆಯನೊಬ್ಬನಿಂದ ಎರವಲು ತಂದ ಹಳೇ ಮಾರುತಿ ಜಿಪ್ಸಿ. ಸಿಸ್ಸು ದಾಟಿದ ಮೇಲೆ ಹೆದ್ದಾರಿಯ ಹಿಮವನ್ನು ಯಂತ್ರ ಬಳಿದು ಪಕ್ಕಕ್ಕೆ ಹಾಕಿತ್ತು. ಹಳ್ಳಿಯೊಂದಕ್ಕೆ ಹೋಗುವ ಕವಲು ದಾರಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮೊಣಕಾಲುದ್ದ ಹಿಮ, ಬೆಳ್ಳಗೆ, ಹತ್ತಿ ಹಾಸಿದ ಹಾಗೆ. ಫೋರ್ ವೀಲ್ ಹಾಕಿದೆ, ನುಗ್ಗಿದೆ. ಐವತ್ತು ಮೀಟರು ಸೊಗಸಾಗಿಯೇ ಹೋಯಿತು. ಆಮೇಲೆ ಗಾಡಿ ಭಾರವಾದಂತೆ ಅನ್ನಿಸಿತು. ಮಾವನ ಮಾತು ನೆನಪಾಗಿ ಒತ್ತಿದೆ. ಜಿಪ್ಸಿ ಎಮ್ಮೆ ಮಲಗಿದ ಹಾಗೆ ಮೆಲ್ಲಗೆ ಕೂತುಬಿಟ್ಟಿತು.

"ಯಾಕಲೇ, ನಿಂದ್ರಿಸಿದಿ?" ಅಂದ ಗದಗಿನವ. ನಾನೆಲ್ಲಿ ನಿಲ್ಲಿಸಿದ್ದೆ ಮಾರಾಯ್ರೆ!

ಏನಾಯಿತೆಂಬುದು ಈಗ ಗೊತ್ತು. ಹೊಸ ಹಿಮ ಒಂದು ಘನ ಮೀಟರಿಗೆ ಐವತ್ತರಿಂದ ನೂರು ಕಿಲೋ ಮಾತ್ರ ತೂಗುತ್ತದೆ. ಅಷ್ಟೇ ಜಾಗದ ನೀರು ಸಾವಿರ ಕಿಲೋ. ಅಂದರೆ ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ಗಾಳಿ. ಕೆಸರಿಗಾದರೆ ಒಂದು ತಳ ಇರುತ್ತದೆ. ಆಳದ ಹಿಮದಲ್ಲಿ ಚಕ್ರ ತಳವನ್ನು ಹುಡುಕುತ್ತ ಕೆಳಗೆ ಹೋಗುವಷ್ಟರಲ್ಲಿ ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತಿರುತ್ತದೆ, ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಮತ್ತೂ ಒತ್ತಿದರೆ ಟೈರಿನ ಬಿಸಿಗೆ ಹಿಮ ತುಸು ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆಂಬುದೂ ಅರ್ಧ ಸತ್ಯ. ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ಮುಂದೊಂದು, ಹಿಂದೊಂದು ಚಕ್ರ ಗಿರ್ರನೆ ತಿರುಗುತ್ತವೆ. ಉಳಿದೆರಡು ನೋಡುತ್ತ ನಿಂತಿರುತ್ತವೆ.

ಸಂಜೆಯಾಯಿತು. ಹಿಮ ಬೀಳತೊಡಗಿತು. ಗಾಜು ಏರಿಸಿ, ಇಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿಕೊಂಡು ಕೂತೆವು. ಅರ್ಧ ಗಂಟೆಯಲ್ಲಿ ಹಿಂದಿನ ಸೀಟಿನಿಂದ ಗದಗಿನವ, "ತಲಿ ಭಾಳ ನೋಯಾಕ್ ಹತ್ತೇತಿ" ಅಂದ. ಮೂರು ಸಾವಿರ ಮೀಟರ್ ಎತ್ತರ, ತಲೆ ನೋಯದೆ ಏನಾದೀತು ಅಂತ ನಾವು ನಕ್ಕೆವು. ಆಮೇಲೆ ಅವನು ಮಾತಾಡಲಿಲ್ಲ. ನಿದ್ದೆ ಹತ್ತಿತೆಂದುಕೊಂಡೆವು.

ನಮ್ಮ ದೀಪ ನೋಡಿ ಹಳ್ಳಿಯಿಂದ ಒಬ್ಬರು ಸಲಿಕೆ ಹಿಡಿದು ನಡೆದು ಬಂದರು. ಆ ಕಡೆ ಡ್ರೈವರಿಗೆ ಗೌರವದಿಂದ ಉಸ್ತಾದ್ ಅನ್ನುತ್ತಾರೆ; ಇವರು ಚಳಿಗಾಲವೆಲ್ಲ ಅಲ್ಲೇ ಗಾಡಿ ಓಡಿಸುವವರು. ಚಕ್ರ ನೋಡುತ್ತಾರೆಂದು ನಾನು ಇಳಿದರೆ, ಅವರು ಚಕ್ರದ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ಹೋಗಿ, "ಬಂದ್ ಮಾಡು ಇಂಜಿನ್!" ಎಂದು ಕೂಗಿದರು. ಸೈಲೆನ್ಸರ್ ಕೊಳವೆ ಹಿಮದೊಳಗೆ ಪೂರಾ ಹೂತಿತ್ತು. ಹೊಗೆ ಹೋಗಲು ದಾರಿಯಿಲ್ಲದೆ ಗಾಡಿಯ ಅಡಿಯಿಂದ ಒಳಕ್ಕೇ ಬರುತ್ತಿತ್ತು. ಗದಗಿನವನನ್ನು ಎಳೆದು ಹೊರಗೆ ಕೂರಿಸಿದೆವು. ವಾಂತಿ ಮಾಡಿಕೊಂಡ, ಆಮೇಲೆ ಕಣ್ಣು ಬಿಟ್ಟ. ಉಸ್ತಾದರು ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದರು. ಹೆದ್ದಾರಿಯವರೆಗೆ ನಡೆಸಿ, ಅವರದೇ ಗಾಡಿಯಲ್ಲಿ ಹೋಗಿ ಅವನಿಗೆ ಆಮ್ಲಜನಕ ಕೊಡಿಸಿದೆವು.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ರಸ್ತೆಯಲ್ಲಿ ಹಿಮಕ್ಕೆ ಸಿಕ್ಕಿಕೊಂಡ ಕಾರುಗಳೊಳಗೆ ಒಂದೇ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಚಳಿಗೆ, ಕೆಲವರು ಈ ಹೊಗೆಗೆ. ಹಿಮದಲ್ಲಿ ಸಿಕ್ಕಿಕೊಂಡರೆ ಮೊದಲು ಇಳಿದು ಸೈಲೆನ್ಸರ್ ಬಿಡಿಸಿ. ಗಂಟೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಇಂಜಿನ್ ಓಡಿಸಬೇಡಿ, ಪ್ರತಿ ಸಲವೂ ಮೊದಲು ಕೊಳವೆ ನೋಡಿ, ಗಾಳಿ ಬೀಸದ ಕಡೆಯ ಗಾಜು ಎರಡು ಬೆರಳು ಇಳಿಸಿರಿ. ಯಾರಾದರೂ ತಲೆನೋವು ಅಂದರೆ ನಮ್ಮ ಹಾಗೆ ನಗಬೇಡಿ.

ಮಾರನೆಯ ಬೆಳಿಗ್ಗೆ ಜಿಪ್ಸಿ ತೆಗೆಯುವ ಕೆಲಸ. ಚಕ್ರದ ಮುಂದೆ ಅಗೆಯಲು ಹೋದ ನನ್ನನ್ನು ಉಸ್ತಾದರು ತಡೆದು, ಮೊದಲು ಹೊಟ್ಟೆಯ ಕೆಳಗಿನದನ್ನು ತೆಗೆಸಿದರು. ಆಮೇಲೆ ಬೆಂಕಿಕಡ್ಡಿಯಿಂದ ವಾಲ್ವ್ ಒತ್ತಿ ನಾಲ್ಕೂ ಟೈರಿನ ಗಾಳಿ ಬಿಟ್ಟರು. 28 ಪೌಂಡ್ ಇದ್ದದ್ದು 14ಕ್ಕೆ ಇಳಿಯಿತು. ಇದರ ಲೆಕ್ಕ ಸುಲಭ. ಟೈರಿನೊಳಗೆ ಎಷ್ಟು ಒತ್ತಡವೋ ಹೆಚ್ಚುಕಡಿಮೆ ಅಷ್ಟನ್ನೇ ಅದು ನೆಲದ ಮೇಲೆ ಹೇರುತ್ತದೆ. 28 ಪೌಂಡ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ. ಅರವತ್ತು ಕಿಲೋ ಮನುಷ್ಯ ಒಂಟಿ ಕಾಲಲ್ಲಿ ನಿಂತರೂ ಅಂಗಾಲು ಒತ್ತುವುದು ಮೂರನೆಯ ಒಂದು ಕಿಲೋದಷ್ಟೂ ಇಲ್ಲ. ನಾನೇ ಮೊಣಕಾಲವರೆಗೆ ಇಳಿಯುವಲ್ಲಿ ಆರು ಪಟ್ಟು ಒತ್ತುವ ಜೀಪು ತೇಲುವುದುಂಟೇ? ಗಾಳಿ ಅರ್ಧ ಮಾಡಿದರೆ ಟೈರಿನ ಹೆಜ್ಜೆ ಉದ್ದವಾಗಿ ಭಾರ ಹರಡುತ್ತದೆ. ಐಸ್‌ಲ್ಯಾಂಡಿನವರು ಹಿಮನದಿಗಳ ಮೇಲೆ ಓಡಾಡುವಾಗ ಭಾರೀ ಅಗಲದ ಟೈರುಗಳಲ್ಲಿ ನಾಲ್ಕು ಪೌಂಡಿಗೂ ಕೆಳಗೆ ಇಳಿಸುತ್ತಾರೆ. ನಮ್ಮ ಸಾಧಾರಣ ಟೈರಿಗೆ ಅದು ಸಲ್ಲ, ರಿಮ್ಮಿನಿಂದ ಕಳಚಿಕೊಂಡೀತು. ಗಾಳಿ ಇಳಿಸಿದ ಮೇಲೆ ಜೋರಾಗಿ ತಿರುಗಿಸುವಂತೆಯೂ ಇಲ್ಲ.

"ಮುಂದಕ್ಕಲ್ಲ, ಹಿಂದಕ್ಕೆ," ಅಂದರು. ನಾವೇ ತುಳಿದು ಬಂದ ಜಾಡು ರಾತ್ರಿ ಚಳಿಗೆ ಗಟ್ಟಿಯಾಗಿತ್ತು. ಅದರಲ್ಲೇ ಹಿಂದಕ್ಕೆ ಬಂದು, ಬೇಕಿದ್ದರೆ ಮತ್ತೆ ಮುಂದೆ ಹೋಗಿ ಇನ್ನು ನಾಲ್ಕು ಮೀಟರು ತುಳಿ, ಮತ್ತೆ ಹಿಂದೆ ಬಾ. ಹೀಗೆ ದಾರಿ ಮಾಡಿಕೊಳ್ಳಬೇಕು. ಲೋ ಗೇರಿನಲ್ಲಿ ಎರಡನೆಯದು, ಒಂದೇ ವೇಗ. ಚಕ್ರ ಜಾರಿ ತಿರುಗತೊಡಗಿದ ಕ್ಷಣವೇ ಕಾಲು ತೆಗೆ. ಒತ್ತಬಾರದು! ಮಾವನ ವಿದ್ಯೆಗೆ ಪೂರಾ ತಲೆಕೆಳಗು.

ಇಳಿಜಾರಿನಲ್ಲಿ ಬ್ರೇಕು ತುಳಿಯದೆ ಗೇರಿನಲ್ಲೇ ಇಳಿಸಬೇಕು. ಫೋರ್ ವೀಲ್ ಇದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ. ಚೈನು ಕಟ್ಟುವುದಿದ್ದರೆ ಸಿಕ್ಕಿಕೊಳ್ಳುವ ಮೊದಲು ಕಟ್ಟಿ, ಸಾಧ್ಯವಾದರೆ ನಾಲ್ಕಕ್ಕೂ, ಟೈರಿನಲ್ಲಿ ಪೂರ್ತಿ ಗಾಳಿ ಇದ್ದಾಗ. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿ ಮಾಡಿ. ರಾತ್ರಿ ಹ್ಯಾಂಡ್ ಬ್ರೇಕ್ ಹಾಕಿಟ್ಟರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ರಸ್ತೆಯ ಅಂಚು ಕಾಣದಿದ್ದರೆ ಒಬ್ಬರು ಕೋಲು ಚುಚ್ಚುತ್ತ ಮುಂದೆ ನಡೆಯಲಿ. ಗುಡ್ಡದಿಂದ ಹಿಮ ಜಾರಿ ಬರುವ ನಾಲೆಗಳ ಕೆಳಗೆ ಫೋಟೋಕ್ಕೂ ನಿಲ್ಲಬೇಡಿ.

ಹೆದ್ದಾರಿ ಸೇರಿದ ಮೇಲೆ ಟೈರಿಗೆ ಮತ್ತೆ ಗಾಳಿ ತುಂಬಬೇಕಲ್ಲ. ಮೆತ್ತನೆ ಟೈರಿನಲ್ಲಿ ಡಾಂಬರಿನ ಮೇಲೆ ಓಡಿಸಿದರೆ ಬಿಸಿಯಾಗಿ ಹಾಳಾಗುತ್ತದೆ. ಉಸ್ತಾದರ ಹತ್ತಿರ ಇದ್ದದ್ದು ಕಾಲಿನಲ್ಲಿ ತುಳಿಯುವ ಪಂಪು. ಆ ಎತ್ತರದಲ್ಲಿ ಒಂದು ಟೈರಿಗೇ ಏದುಸಿರು ಬಂತು. ನಾನೂ ತುಮಕೂರಿನವನೂ ಸರದಿಯ ಮೇಲೆ ತುಳಿದೆವು. ಗದಗಿನವ ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತು ಎಣಿಸುತ್ತಿದ್ದ.