ಕಿಟಕಿಯಿಂದ ಪೆಂಗ್ವಿನ್‌ಗೆ: ಹಳೇ ಕಂಪ್ಯೂಟರ್ ಗುಜರಿಗೆ ಹಾಕಲೇಬೇಕೇ?



2025ರ ಅಕ್ಟೋಬರ್ 14ನೇ ತಾರೀಖು ಪ್ರಪಂಚದ ಕೋಟಿಗಟ್ಟಲೆ ಕಂಪ್ಯೂಟರ್‌ಗಳಿಗೆ ಒಂದು ಗಡುವು ಬಂತು. ಮೈಕ್ರೋಸಾಫ್ಟ್ ಕಂಪನಿಯು ‘ವಿಂಡೋಸ್ 10’ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಆ ದಿನ ನಿಲ್ಲಿಸಿತು. ಹಾಗಂತ ಕಂಪ್ಯೂಟರ್ ಮಾರನೇ ದಿನವೇ ಕೆಟ್ಟು ಕೂರಲಿಲ್ಲ. ಆದರೆ ಹೊಸ ವೈರಸ್ ಬಂದಾಗ, ಕಳ್ಳರು ನುಗ್ಗುವ ಸಂದು ಸಿಕ್ಕಾಗ, ಅದನ್ನು ಮುಚ್ಚುವ ಸಾಮಾನ್ಯ ರಿಪೇರಿ ನಿಂತುಹೋಯಿತು. ಮಾಡು ಸೋರಿದರೆ ಹೆಂಚು ಬದಲಿಸುವವರು ಇಲ್ಲ ಅಂದ ಹಾಗೆ.

ಸರಿ, ‘ವಿಂಡೋಸ್ 11’ ಹಾಕಿಕೊಳ್ಳೋಣ ಅಂದರೆ ಅದು ಎಲ್ಲ ಯಂತ್ರವನ್ನೂ ಒಪ್ಪಲ್ಲ. ಟಿಪಿಎಂ 2.0 ಎಂಬ ಭದ್ರತೆಯ ಭಾಗ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದು, ಅಂದರೆ 2017ರಿಂದ ಈಚೆಗಿನದು ಆಗಿರಬೇಕು. ನಮ್ಮ ಕಂಪ್ಯೂಟರ್ ಕೋಣೆಯ ಐದೂ 2016ರಲ್ಲಿ ಹಳೆಯ ವಿದ್ಯಾರ್ಥಿಗಳು ಕೊಡಿಸಿದವು. ರಿಪೇರಿಗೆ ಬಂದವರು “ಇವು ಇನ್ನು ಆಗಲ್ಲ ಸಾರ್, ಗುಜರಿಗೆ ಹಾಕಿ ಹೊಸದು ತಗೊಳ್ಳಿ” ಅಂದರಂತೆ. ಹೊಸದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಈ ವಿಷಯ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಬರುತ್ತೆ. ಅದಕ್ಕೆ ಮೊದಲು, ಇನ್ನೊಂದು ದಾರಿಯೂ ಇದೆ ಅಂತ ತಿಳಿಸಲು ಈ ಲೇಖನ ಬರೆದಿದ್ದೇನೆ.

ಆಪರೇಟಿಂಗ್ ಸಿಸ್ಟಮ್ ಅಂದರೇನು?

ನಮ್ಮೂರಿನ ಕೆರೆಗೆ ನೀರುಗಂಟಿ ಇದ್ದ ಹಾಗೆ ಕಂಪ್ಯೂಟರ್‌ಗೆ ಆಪರೇಟಿಂಗ್ ಸಿಸ್ಟಮ್. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ನೀರುಗಂಟಿಯ ಲೆಕ್ಕ. ಹಾಗೆಯೇ ಯಾವ ಕೆಲಸಕ್ಕೆ ಎಷ್ಟು ಮೆಮೊರಿ, ಪ್ರಿಂಟರ್‌ಗೆ ಯಾವಾಗ ಕಾಗದ ಕಳಿಸಬೇಕು, ಕಡತವನ್ನು ಡಿಸ್ಕಿನ ಯಾವ ಮೂಲೆಯಲ್ಲಿ ಇಡಬೇಕು ಅಂತ ನೋಡಿಕೊಳ್ಳುವುದು ಇದು. ವಿಂಡೋಸ್ ಒಬ್ಬ ನೀರುಗಂಟಿ. ಲಿನಕ್ಸ್ ಇನ್ನೊಬ್ಬ. ಕೆರೆ ಅದೇ, ಗದ್ದೆ ಅದೇ, ನೀರು ಹಂಚುವವರು ಬೇರೆ, ಅಷ್ಟೇ.

‘ಮುಕ್ತ’ ಅಂದರೆ ಬರೀ ಪುಕ್ಕಟೆ ಅಲ್ಲ

ಲಿನಕ್ಸನ್ನು ಮುಕ್ತ ತಂತ್ರಾಂಶ ಅಂತ ಕರೆಯುತ್ತಾರೆ. ಇದನ್ನು ಸಾರಿನ ಪುಡಿಯ ಉದಾಹರಣೆಯಿಂದ ಹೇಳ್ತೀನಿ. ಅಂಗಡಿಯಲ್ಲಿ ಪೊಟ್ಟಣ ತಂದರೆ ಸಾರು ಮಾಡಬಹುದು, ಆದರೆ ಧನಿಯ ಎಷ್ಟು, ಮೆಣಸಿನಕಾಯಿ ಎಷ್ಟು ಅಂತ ಕಂಪನಿ ಹೇಳಲ್ಲ. ಅಜ್ಜಿಯ ಹತ್ತಿರ ಕೇಳಿದರೆ ಅಳತೆಯನ್ನೆಲ್ಲ ಹೇಳ್ತಾರೆ. ಖಾರ ಜಾಸ್ತಿ ಅನ್ನಿಸಿದರೆ ನಾವು ಕಡಿಮೆ ಮಾಡಿಕೊಳ್ಳಬಹುದು, ಪಕ್ಕದ ಮನೆಯವರಿಗೂ ಹೇಳಿಕೊಡಬಹುದು.

ತಂತ್ರಾಂಶದ ಅಳತೆಪಟ್ಟಿಗೆ ‘ಸೋರ್ಸ್ ಕೋಡ್’ ಎಂದು ಹೆಸರು. ವಿಂಡೋಸ್‌ನಲ್ಲಿ ಇದು ಗುಟ್ಟು. ಲಿನಕ್ಸ್‌ನಲ್ಲಿ ಬಯಲು. ಬೇಕಾದ ಕೆಲಸಕ್ಕೆ ಬಳಸುವುದು, ಓದಿ ಕಲಿಯುವುದು, ಇನ್ನೊಬ್ಬರಿಗೆ ಹಂಚುವುದು, ತಿದ್ದಿ ಉತ್ತಮಪಡಿಸುವುದು: ಈ ನಾಲ್ಕೂ ನಮ್ಮ ಹಕ್ಕು. ಒಂದೇ ಪೆನ್‌ಡ್ರೈವ್‌ನಿಂದ ಐದಲ್ಲ, ಐವತ್ತು ಕಂಪ್ಯೂಟರ್‌ಗೆ ಹಾಕಿದರೂ ಅದು ಕಳ್ಳಮಾಲು ಆಗಲ್ಲ. ಕಳ್ಳ ಪ್ರತಿ ಹಾಕಿಕೊಳ್ಳುವುದಕ್ಕಿಂತ ಇದು ಮರ್ಯಾದೆಯ ದಾರಿ ಅಲ್ಲವೇ?

ಇದು ಹುಟ್ಟಿದ್ದು ಹೇಗೆ?

ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಅವರು ಅದರ ಪ್ರೋಗ್ರಾಮ್ ತಿದ್ದಿದ್ದರು. ಮುಂದೆ ಹೊಸ ಪ್ರಿಂಟರ್ ಬಂತು. ಅದರ ಸೋರ್ಸ್ ಕೋಡ್ ಮಾತ್ರ ಕೇಳಿದರೂ ಸಿಗಲಿಲ್ಲ. ನಮ್ಮ ಯಂತ್ರವನ್ನು ನಾವೇ ಸರಿ ಮಾಡಿಕೊಳ್ಳುವ ಹಾಗಿಲ್ಲವೇ ಎಂಬ ಪ್ರಶ್ನೆ ಅವರನ್ನು ಕೊರೆಯಿತು. 1983ರಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಪ್ರಕಟಿಸಿದರು. 1989ರಲ್ಲಿ ‘ಜಿಪಿಎಲ್’ ಎಂಬ ಪರವಾನಗಿ ಬರೆದರು. ಅದರ ಸಾರ ಇಷ್ಟು: ನೀನು ತಿದ್ದಿ ಇನ್ನೊಬ್ಬರಿಗೆ ಕೊಟ್ಟರೆ ಅದರ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು.

1991ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಬರೀ ಹವ್ಯಾಸಕ್ಕೆಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಬರೆಯತೊಡಗಿದ. 1992ರಲ್ಲಿ ಅದನ್ನು ಜಿಪಿಎಲ್ ಅಡಿ ತಂದ. ಗ್ನೂ ತಂಡದ ಸಲಕರಣೆಗಳೂ ಈ ತಿರುಳೂ ಸೇರಿದವು. ಹನಿಹನಿಗೂಡಿದರೆ ಹಳ್ಳ ಅನ್ನುವಂತೆ ಸಾವಿರಾರು ಜನ ಕೈಜೋಡಿಸಿದರು. 1996ರಲ್ಲಿ ಪೆಂಗ್ವಿನ್ ಹಕ್ಕಿ ಇದರ ಗುರುತಾಯಿತು.

ನಿಮಗೆ ಗೊತ್ತೇ?

* ಅಪ್ಪನ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಅಂದರೆ ನಮ್ಮಲ್ಲಿ ಬಹಳ ಜನ ಗೊತ್ತಿಲ್ಲದೇ ದಿನಾ ಲಿನಕ್ಸ್ ಬಳಸುತ್ತಿದ್ದೇವೆ!

* ಪ್ರಪಂಚದ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ ವರ್ಷಕ್ಕೆರಡು ಬಾರಿ ಬರುತ್ತದೆ. 2017ರ ನವೆಂಬರ್ ಪಟ್ಟಿಯಲ್ಲಿ ಐನೂರಕ್ಕೆ ಐನೂರೂ ಲಿನಕ್ಸ್‌ನವೇ ಆಗಿದ್ದವು.

* ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ‘ಬಾಸ್’ ಎಂಬ ಲಿನಕ್ಸನ್ನು ಹೊರತಂದಿತು. ಅದು ನಮ್ಮ ದೇಶದ ಭಾಷೆಗಳಿಗೆ ಬೆಂಬಲ ಕೊಡುತ್ತದೆ.

ಬೇರೆಯವರು ಏನು ಮಾಡಿದರು?

ಪಕ್ಕದ ಕೇರಳದಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಶುರುವಾಯಿತು. ಆ ದಶಕ ಮುಗಿಯುವುದರೊಳಗೆ ಅಲ್ಲಿನ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಪಾಠ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಹತ್ತನೇ ತರಗತಿಯ ಕಂಪ್ಯೂಟರ್ ಪರೀಕ್ಷೆಯನ್ನೂ ಅದರಲ್ಲೇ ಮಾಡಿದರು. ಮೊದಲು ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಅದೇ ಅವರ ಜಾಣತನ.

ಫ್ರಾನ್ಸ್ ದೇಶದ ಜಾಂಡಾರ್ಮರಿ ಎಂಬ ಪೊಲೀಸ್ ಪಡೆ ಒಮ್ಮೆಲೇ ನೆಗೆಯಲಿಲ್ಲ. 2005ರಿಂದ ಬರೆಯುವ, ಲೆಕ್ಕ ಮಾಡುವ ತಂತ್ರಾಂಶವನ್ನು ಬದಲಿಸಿತು. ಆಮೇಲೆ ಇಂಟರ್ನೆಟ್ ನೋಡುವ ಬ್ರೌಸರ್. ಕಡೆಗೆ 2008ರಿಂದ ಉಬುಂಟು ಎಂಬ ಲಿನಕ್ಸ್ ಹಾಕತೊಡಗಿತು.

ಎಲ್ಲ ಕಡೆ ಸುಸೂತ್ರವಾಗಿ ನಡೆಯಿತು ಅಂದರೆ ಸುಳ್ಳಾಗುತ್ತೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿತು. ಹತ್ತು ವರ್ಷದಲ್ಲಿ ಸುಮಾರು 15,000 ಕಂಪ್ಯೂಟರ್ ಬದಲಿಸಿತು. ಆದರೆ ಹೊರಗಿನ ಕಚೇರಿಗಳಿಂದ ಬಂದ ಕಡತ ಸರಿಯಾಗಿ ತೆರೆಯಲ್ಲ ಎಂಬಂಥ ದೂರುಗಳು ಬಂದವು, ವಾದವಿವಾದ ನಡೆಯಿತು, 2017ರಲ್ಲಿ ಮತ್ತೆ ವಿಂಡೋಸ್‌ಗೇ ಮರಳಲು ತೀರ್ಮಾನವಾಯಿತು. ನನಗೆ ತೋರುವುದೇನೆಂದರೆ, ಯಂತ್ರ ಬದಲಿಸಿದರೆ ಸಾಲದು, ಕೂತು ಕೆಲಸ ಮಾಡುವವರ ಕಷ್ಟವನ್ನೂ ಕೇಳಬೇಕು.

ನಾನು ಕಣ್ಣಾರೆ ಕಂಡದ್ದು

ಬೇಸಿಗೆ ರಜೆಯಲ್ಲಿ ನಮ್ಮ ದೊಡ್ಡಪ್ಪನ ಮಗ, ಡಿಪ್ಲೊಮಾ ಓದುವ ಅಣ್ಣ, ಮನೆಯ ಹಳೇ ಲ್ಯಾಪ್‌ಟಾಪ್‌ಗೆ ‘ಲಿನಕ್ಸ್ ಮಿಂಟ್’ ಹಾಕಿದ. ನಾನು ಪಕ್ಕದಲ್ಲೇ ಕೂತು ನೋಟ್ಸ್ ಬರಕೊಂಡೆ. ಮಿಂಟ್‌ನ ಹಗುರವಾದ ಒಂದು ಬಗೆ ಇದೆ, ಎಕ್ಸ್‌ಎಫ್‌ಸಿಇ ಅಂತ. ಅದಕ್ಕೆ 2 ಜಿಬಿ ಮೆಮೊರಿ ಇದ್ದರೂ ನಡೆಯುತ್ತೆ, 4 ಜಿಬಿ ಇದ್ದರೆ ಆರಾಮ. ನಮ್ಮ ಶಾಲೆಯ ಕಂಪ್ಯೂಟರ್‌ಗಳಲ್ಲಿ 4 ಜಿಬಿ ಇದೆ. ಮೊದಲು ಆ ಲ್ಯಾಪ್‌ಟಾಪ್ ಆನ್ ಮಾಡಿ ಹಸುಗಳಿಗೆ ಹುಲ್ಲು ಹಾಕಿ ಬರಬಹುದಿತ್ತು. ಈಗ ಅಷ್ಟು ಕಾಯಿಸಲ್ಲ. ಆದರೆ ಯೂಟ್ಯೂಬ್, ಮತ್ತೆರಡು ಪುಟ ಒಟ್ಟಿಗೆ ತೆರೆದರೆ ಈಗಲೂ ಏದುಸಿರು ಬಿಡುತ್ತೆ. ಮುದಿ ಎತ್ತಿಗೆ ಹೊಸ ನೊಗ ಹಾಕಿದರೆ ಹೊರೆ ಹಗುರಾಗಬಹುದು, ಎತ್ತೇನೂ ಕರು ಆಗಲ್ಲ.

ಬದಲಿಸುವ ಕ್ರಮ

1. ಮೊದಲು ಕಡತಗಳ ಪ್ರತಿ ತೆಗೆಯಬೇಕು. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಫೋಟೋ ಎಲ್ಲವನ್ನೂ ಎರಡು ಬೇರೆ ಬೇರೆ ಕಡೆ ಇಟ್ಟು, ಆ ಪ್ರತಿ ತೆರೆಯುತ್ತದೆಯೇ ಅಂತ ನೋಡಬೇಕು.

2. ವಿಂಡೋಸ್ ಇರುವಾಗಲೇ ಹೊಸ ತಂತ್ರಾಂಶ ರೂಢಿ ಮಾಡಿಕೊಳ್ಳಬೇಕು. ಬರೆಯಲು, ಲೆಕ್ಕಕ್ಕೆ ಲಿಬ್ರೆ ಆಫೀಸ್, ಇಂಟರ್ನೆಟ್‌ಗೆ ಫೈರ್‌ಫಾಕ್ಸ್, ವಿಡಿಯೋಗೆ ವಿಎಲ್‌ಸಿ. ಇವು ಎರಡು ಕಡೆಯೂ ನಡೆಯುತ್ತವೆ. ಒಂದು ತಿಂಗಳು ಬಳಸಿದರೆ ಆಮೇಲೆ ಅಪರಿಚಿತ ಅನ್ನಿಸಲ್ಲ.

3. 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ತುಂಬಬೇಕು. ಕಡತ ಎಳೆದು ಹಾಕಿದಂತೆ ಹಾಕಿದರೆ ಸಾಲದು, ಅದಕ್ಕೆಂದೇ ಇರುವ ಸಣ್ಣ ತಂತ್ರಾಂಶದಿಂದ ಬರೆಯಬೇಕು. ಆಗ ಅದರಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತೆ, ಎಚ್ಚರ!

4. ಕಂಪ್ಯೂಟರ್ ಶುರುವಾಗುವಾಗ ಎಫ್12, ಎಸ್ಕೇಪ್ ಹೀಗೆ ಒಂದು ಗುಂಡಿ ಒತ್ತಿ (ಕಂಪನಿಗೊಂದು ಬೇರೆ) ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ಇದಕ್ಕೆ ‘ಲೈವ್’ ಅಂತಾರೆ. ಇನ್‌ಸ್ಟಾಲ್ ಒತ್ತುವ ತನಕ ಒಳಗಿನ ವಿಂಡೋಸ್‌ಗೆ ಏನೂ ಆಗಲ್ಲ. ಪ್ರಿಂಟರ್, ಸ್ಪೀಕರ್, ಪ್ರೊಜೆಕ್ಟರ್, ಇಂಟರ್ನೆಟ್ ಎಲ್ಲ ನಡೆಯುತ್ತದೆಯೇ ಅಂತ ಇಲ್ಲೇ ಪರೀಕ್ಷಿಸಬೇಕು. ಪೆನ್‌ಡ್ರೈವ್‌ನಿಂದ ನಡೆಯುವಾಗ ಸ್ವಲ್ಪ ನಿಧಾನ ಇರುತ್ತೆ, ಅದಕ್ಕೆ ಗಾಬರಿ ಬೇಡ.

5. ಎಲ್ಲ ಸರಿ ಅನ್ನಿಸಿದರೆ ಮೊದಲು ಒಂದೇ ಕಂಪ್ಯೂಟರ್‌ಗೆ ಹಾಕಬೇಕು. ವಿಂಡೋಸ್ ಪಕ್ಕದಲ್ಲೇ ಇರಿಸಿಕೊಳ್ಳಬಹುದು ಅಥವಾ ಪೂರ್ತಿ ತೆಗೆಯಬಹುದು. ಈ ಪ್ರಶ್ನೆ ಬಂದಾಗ ಎರಡು ಸಲ ಓದಿ ಒತ್ತಬೇಕು.

ಕನ್ನಡದ ಗತಿ ಏನು?

ಇದು ನಮ್ಮ ಕನ್ನಡ ಮೇಷ್ಟ್ರು ಕೇಳಿದ ಪ್ರಶ್ನೆ. ತುಂಬ ಮುಖ್ಯವಾದದ್ದು. ಅವರ ಹಲವು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿವೆ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಜಾಗದಲ್ಲಿ ಕನ್ನಡ ಅಕ್ಷರದ ಚಿತ್ರ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಅದೇ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಇದು ಲಿನಕ್ಸ್‌ನ ತಪ್ಪಲ್ಲ, ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಹೀಗೇ. ಯೂನಿಕೋಡ್ ಎಂಬ ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ ಪ್ರಪಂಚದಲ್ಲೆಲ್ಲ ಒಂದೇ ಸಂಖ್ಯೆ: 3221. ಆದ್ದರಿಂದ ಯೂನಿಕೋಡ್‌ನಲ್ಲಿ ಬರೆದದ್ದು ಫೋನ್, ವಿಂಡೋಸ್, ಲಿನಕ್ಸ್ ಎಲ್ಲ ಕಡೆ ಓದಲು ಬರುತ್ತದೆ. ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯೇ ಅಂತ ಒಮ್ಮೆ ಓದಿ ನೋಡಲೇಬೇಕು. ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸುವುದು ಕ್ಷೇಮ.

ಟೈಪ್ ಮಾಡುವ ಕ್ರಮಕ್ಕೂ ಹೆದರಬೇಕಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವನ್ನೇ ನುಡಿಯಲ್ಲಿ ಬಳಸುವುದು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೂ ಅದು ‘ಕಗಪ’ ಎಂಬ ಹೆಸರಿನಲ್ಲಿ ಇದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಪರದೆಯ ಮೇಲಿನ ಹೆಸರುಗಳನ್ನೂ ಬಹುಮಟ್ಟಿಗೆ ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ‘ಫೈಲ್’ ಇದ್ದಲ್ಲಿ ‘ಕಡತ’ ಅಂತ ಬರುತ್ತೆ. ಕನ್ನಡಕ್ಕೆ ತಂದ ಬಹಳಷ್ಟು ಜನ ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿದವರು.

ಕಷ್ಟಗಳೂ ಇವೆ

ವಿಂಡೋಸ್‌ಗೆಂದೇ ಮಾಡಿದ ಕೆಲವು ತಂತ್ರಾಂಶ, ಆಟಗಳು ಇಲ್ಲಿ ನಡೆಯಲ್ಲ. ವರ್ಡ್‌ನಲ್ಲಿ ಮಾಡಿದ ಕೋಷ್ಟಕ ಲಿಬ್ರೆ ಆಫೀಸ್‌ನಲ್ಲಿ ಸ್ವಲ್ಪ ಅತ್ತಿತ್ತ ಸರಿಯಬಹುದು. ಕೆಟ್ಟರೆ ತಾಲ್ಲೂಕಿನಲ್ಲಿ ಲಿನಕ್ಸ್ ಬಲ್ಲ ರಿಪೇರಿಯವರು ಸಿಗುವುದು ಕಷ್ಟ. ಇಲಾಖೆಗೆ ಮಾಹಿತಿ ಕಳಿಸುವ ಆಫೀಸಿನ ಕಂಪ್ಯೂಟರನ್ನು, ಅಲ್ಲಿ ಬೇಕಾದದ್ದೆಲ್ಲ ನಡೆಯುತ್ತೆ ಅಂತ ಖಾತ್ರಿಯಾಗುವ ತನಕ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಮಕ್ಕಳು ಕಲಿಯುವ ಕೋಣೆಯ ಮಾತು ಬೇರೆ. ಚಿತ್ರ ಬಿಡಿಸಲು ಟಕ್ಸ್ ಪೇಂಟ್, ಪುಟಾಣಿಗಳಿಗೆ ಜಿಕಾಂಪ್ರಿ, ರೇಖಾಗಣಿತಕ್ಕೆ ಜಿಯೋಜೀಬ್ರಾ, ಆಕಾಶ ನೋಡಲು ಸ್ಟೆಲೇರಿಯಂ, ಎಲ್ಲವೂ ಲಿನಕ್ಸ್‌ನಲ್ಲಿ ಕಾಸಿಲ್ಲದೆ ಸಿಗುತ್ತವೆ. ಒಮ್ಮೆ ಹಾಕಿಕೊಂಡರೆ ದಿನಾ ಇಂಟರ್ನೆಟ್ ಬೇಕಿಲ್ಲ.

ನನ್ನ ವಿನಂತಿ

ಐದೂ ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಸಭೆಗೆ ಮೊದಲು ಒಂದೇ ಒಂದು ಕಂಪ್ಯೂಟರನ್ನು ಪೆನ್‌ಡ್ರೈವ್‌ನಿಂದ ಒಂದು ವಾರ ನಡೆಸಿ ನೋಡಲು ಹೆಡ್‌ಮೇಷ್ಟ್ರು ಅಪ್ಪಣೆ ಕೊಡಬೇಕು. ಎಂಟು, ಒಂಬತ್ತು, ಹತ್ತನೇ ತರಗತಿಯವರು ಏನು ನಡೆಯಿತು, ಏನು ನಡೆಯಲಿಲ್ಲ ಅಂತ ಒಂದು ಪುಸ್ತಕದಲ್ಲಿ ಬರೆದಿಡೋಣ. ಆ ಪುಸ್ತಕವನ್ನು ಸಭೆಯ ಮುಂದೆ ಇಡೋಣ. ಆಗಲೂ ಗುಜರಿಯೇ ಸರಿ ಅನ್ನಿಸಿದರೆ ಹಾಗೇ ಆಗಲಿ. ನಮಗೆ ಖರ್ಚಾಗುವುದು ಒಂದು ಪೆನ್‌ಡ್ರೈವ್, ಒಂದು ವಾರದ ಆಟದ ಪೀರಿಯಡ್ಡು. ಉಳಿದರೆ ಐದು ಕಂಪ್ಯೂಟರ್ ಉಳಿಯುತ್ತವೆ.

ಸಂಶಯ ಇದ್ದವರು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ. ಅಣ್ಣನನ್ನು ಕೇಳಿ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ